256 ಎಂಬಿಗೆ ನೂರು ಕೋಟಿ ಡಾಲರ್

ಎಕ್ಸ್‌ಬಾಕ್ಸ್ 360 ತಯಾರಾಗುತ್ತಿದ್ದಾಗ 256 ಎಂಬಿ ರ‍್ಯಾಮ್ ಸಾಕೆಂದು ಮೈಕ್ರೋಸಾಫ್ಟ್ ಲೆಕ್ಕ ಹಾಕಿತ್ತು. ಅನ್‌ರಿಯಲ್ ಎಂಜಿನ್ 3 ಕಟ್ಟುತ್ತಿದ್ದ ಎಪಿಕ್ ಗೇಮ್ಸ್‌ನವರು ಬಿಡಲಿಲ್ಲ. ‘ಗೇರ್ಸ್ ಆಫ್ ವಾರ್’ ಆಟ 256ರಲ್ಲಿ ಹೇಗೆ ಕಾಣುತ್ತದೆ, 512ರಲ್ಲಿ ಹೇಗೆ ಎಂದು ಚಿತ್ರ ಕಳಿಸಿ ಹಟ ಹಿಡಿದರು. ಮೈಕ್ರೋಸಾಫ್ಟ್ ಮಣಿಯಿತು. ಅದರಿಂದ ಬಿದ್ದ ಹೊರೆ ನೂರು ಕೋಟಿ ಡಾಲರ್ ಎಂದು ಎಪಿಕ್‌ನವರೇ ಆಮೇಲೆ ಹೇಳಿಕೊಂಡರು.

ಇವತ್ತು ಹಾವೇರಿ ಜಿಲ್ಲೆಯ ಮೇಡ್ಲೇರಿಯ ಹುಡುಗನ ಕೈಯಲ್ಲಿರುವ ಸಾದಾ 4 ಜಿಬಿ ಫೋನಿನಲ್ಲಿ ಆ 256ರ ಹದಿನಾರು ಪಟ್ಟು ಇದೆ. ಅದರಲ್ಲಿ ಅವನು ಆಡುವ ಬಿಜಿಎಂಐ ನಿಂತಿರುವುದು ಅನ್‌ರಿಯಲ್ ಎಂಜಿನ್ 4ರ ಮೇಲೆ, ಅಂದರೆ ಪ್ಲೇಸ್ಟೇಷನ್ 4ರ ಪೀಳಿಗೆಯ ಎಂಜಿನ್ ಮೇಲೆ. ಕನ್ಸೋಲ್ ಮನೆಗೆ ಬರದಿದ್ದರೂ ಎಂಜಿನ್ ಜೇಬಿಗೆ ಬಂತು!

ರ‍್ಯಾಮ್ ಬೆಳೆದ ಬಗೆ ನೋಡಲು ಪ್ಲೇಸ್ಟೇಷನ್ ಒಂದನ್ನೇ ತೆಗೆದುಕೊಳ್ಳಿ. 1994ರಲ್ಲಿ ಮುಖ್ಯ ರ‍್ಯಾಮ್ 2 ಎಂಬಿ, 2000ದಲ್ಲಿ 32. 2006ರಲ್ಲಿ, ಚಿತ್ರಕ್ಕೆಂದು ಮೀಸಲಿಟ್ಟದ್ದೂ ಸೇರಿ, 512. 2013ರಲ್ಲಿ 8 ಜಿಬಿ. ಪ್ರತಿ ಸಲವೂ ಹದಿನಾರು ಪಟ್ಟು! ಆರೇಳು ವರ್ಷಕ್ಕೊಮ್ಮೆ ಇಷ್ಟು ದೊಡ್ಡ ಜಿಗಿತವಾದರೆ ಹಳೇ ಎಂಜಿನ್‌ಗೆ ತೇಪೆ ಹಾಕಿ ಸಾಗುವುದಿಲ್ಲ, ಹೊಸದನ್ನೇ ಕಟ್ಟಬೇಕು. ಆದರೆ 2020ರಲ್ಲಿ ಬಂದ ಪ್ಲೇಸ್ಟೇಷನ್ 5ರಲ್ಲಿ ಇರುವುದು 16 ಜಿಬಿ. ಬರೀ ಎರಡು ಪಟ್ಟು.

ಹಾಗಾದರೆ ಅನ್‌ರಿಯಲ್‌ನ ಐದನೇ ಎಂಜಿನ್ ಯಾವ ಬಲದ ಮೇಲೆ ಬಂತು? ಡಿಸ್ಕಿನ ವೇಗದ ಮೇಲೆ. ಮೊದಲ ಪ್ಲೇಸ್ಟೇಷನ್ ಸಿ.ಡಿ.ಯಿಂದ ಸೆಕೆಂಡಿಗೆ 300 ಕೆಬಿ ಓದುತ್ತಿತ್ತು, ಐದನೆಯದು 5.5 ಜಿಬಿ ಓದುತ್ತದೆ. ಹದಿನೆಂಟು ಸಾವಿರ ಪಟ್ಟು. ಎಲ್ಲವನ್ನೂ ರ‍್ಯಾಮಿನಲ್ಲಿ ತುಂಬಿಟ್ಟುಕೊಳ್ಳುವ ಗೋಜೇ ಇಲ್ಲ, ಬೇಕಾದಾಗ ಎಳೆದುಕೊಂಡರಾಯಿತು.

ಕನ್ಸೋಲ್ ಅಂಗಡಿಗೆ ಬರುವ ಆರು ತಿಂಗಳು ಮೊದಲೇ, 2020ರ ಮೇ ತಿಂಗಳಲ್ಲಿ, ಎಪಿಕ್ ಈ ಎಂಜಿನನ್ನು ತೋರಿಸಿತು. (ಎಂಜಿನ್ ಪೂರ್ತಿ ಸಿದ್ಧವಾಗಿ ಎಲ್ಲರ ಕೈಗೆ ಸಿಕ್ಕಿದ್ದು 2022ರ ಏಪ್ರಿಲ್‌ನಲ್ಲಿ.) ಆ ಪ್ರದರ್ಶನದಲ್ಲಿ ಒಂದು ಪ್ರತಿಮೆಯಿತ್ತು, 3.3 ಕೋಟಿ ತ್ರಿಭುಜಗಳಿಂದ ಆದದ್ದು. 2011ರ ಜನಗಣತಿಯಂತೆ ಹಾವೇರಿ ಜಿಲ್ಲೆಯ ಜನ ಸುಮಾರು 16 ಲಕ್ಷ. ಹಂಚಿದರೆ ತಲೆಗೆ ಇಪ್ಪತ್ತು ತ್ರಿಭುಜ ಬರುತ್ತವೆ. ಇದು ಒಂದೇ ಪ್ರತಿಮೆಯ ಲೆಕ್ಕ. ಮುಂದಿನ ಕೋಣೆಯಲ್ಲಿ ಅಂಥವು ಹತ್ತಿರ ಹತ್ತಿರ ಐನೂರು ಸಾಲುಗಟ್ಟಿ ನಿಂತಿದ್ದವು: 1,600 ಕೋಟಿ ತ್ರಿಭುಜ, ಭೂಮಿಯ ಮೇಲಿನ ಪ್ರತಿಯೊಬ್ಬರಿಗೂ ಎರಡೆರಡು.

ಪರದೆಯ ಮೇಲೆ ಒಂದು ಸಲಕ್ಕೆ ಮೂಡುತ್ತಿದ್ದದ್ದು ಅದರಲ್ಲಿ ಆಯ್ದ ಸುಮಾರು ಎರಡು ಕೋಟಿ ಮಾತ್ರ. ಪರದೆಯ ಚುಕ್ಕೆಗಳೋ ಸುಮಾರು 37 ಲಕ್ಷ. ಚುಕ್ಕೆಗೆ ಐದು ತ್ರಿಭುಜ, ಸೆಕೆಂಡಿಗೆ ಮೂವತ್ತು ಸಲ.