ಮೂಳೆಗೆ ಒಗ್ಗಿದ ಉಕ್ಕು

ಕಾಲು ಮುರಿದು ರಾಡ್ ಹಾಕಿಸಿಕೊಂಡವರನ್ನು ನೋಡಲು ಹೋದರೆ ನಾವು ಕೇಳುವ ಮೊದಲ ಮಾತು, "ಒಳಗೆ ಹಾಕಿದ್ದು ಗಟ್ಟಿ ಇದೆಯಂತಾ?" ಭದ್ರಾವತಿಯಂಥ ಉಕ್ಕಿನ ಊರಿನಲ್ಲಿ ಈ ಪ್ರಶ್ನೆ ಇನ್ನೂ ಸಹಜ. 1918ರಲ್ಲಿ ಅಲ್ಲಿ ಶುರುವಾದ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆಗೆ ಇಳಿಯಿತು. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಇದ್ದಿಲಿನಲ್ಲಿ ಕರಗಿಸುತ್ತಿದ್ದ ಅದೇ ಕಾರ್ಖಾನೆ ಮುಂದೆ ವಿಐಎಸ್‌ಎಲ್ (ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ) ಆಗಿ, ಮಿಶ್ರಲೋಹದ ಉಕ್ಕಿಗೆ ಹೆಸರಾಯಿತು. ಅಲ್ಲಿ ದುಡಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು: ಉಕ್ಕಿನ ಗುಣವೆಲ್ಲ ಅದಕ್ಕೆ ಏನು, ಎಷ್ಟು ಬೆರೆಸಿದೆ ಎಂಬುದರಲ್ಲಿದೆ. ಸ್ಪ್ರಿಂಗಿಗೆ ಒದಗುವ ಉಕ್ಕು ಮೂಳೆಗೆ ಒದಗುವುದಿಲ್ಲ.

ಏಕೆಂದರೆ ನಮ್ಮ ದೇಹದೊಳಗೆ ಇರುವುದು ಉಪ್ಪುನೀರು. 37 ಡಿಗ್ರಿ ಬಿಸಿ, ಮೇಲೆ ಆಮ್ಲಜನಕ. ಕಬ್ಬಿಣ ತುಕ್ಕು ಹಿಡಿಯಲು ಇನ್ನೇನು ಬೇಕು? ಅಮೆರಿಕದ ಶಸ್ತ್ರವೈದ್ಯ ಶೆರ್ಮನ್ 1912ರ ಹೊತ್ತಿಗೆ ವೆನೇಡಿಯಂ ಬೆರೆಸಿದ ಉಕ್ಕಿನ ಪ್ಲೇಟುಗಳನ್ನು ಮೂಳೆಗೆ ಕೂರಿಸಿದ್ದರು. ಬಲದಲ್ಲಿ ಅವು ಕಡಿಮೆಯಿರಲಿಲ್ಲ. ಆದರೆ ದೇಹದೊಳಗೆ ತುಕ್ಕು ಹಿಡಿದವು, ಹಾಗಾಗಿ ಬಳಕೆಯಿಂದಲೇ ಹೋದವು.

ಇಂದು ಹೆಚ್ಚು ಬಳಕೆಯಲ್ಲಿರುವುದು '316 ಎಲ್' ಎಂಬ ಜಾತಿಯ ಸ್ಟೇನ್‌ಲೆಸ್ ಸ್ಟೀಲ್. ಇದರಲ್ಲಿ ನೂರಕ್ಕೆ ಸುಮಾರು 17ರಿಂದ 19 ಪಾಲು ಕ್ರೋಮಿಯಂ. ಅದು ಆಮ್ಲಜನಕದ ಜತೆ ಕೂಡಿ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯಾಗುತ್ತದೆ. ಗೀರು ಬಿದ್ದರೂ ಮತ್ತೆ ತಾನೇ ಕಟ್ಟಿಕೊಳ್ಳುತ್ತದೆ. ಉಪ್ಪು ಈ ಪೊರೆಯನ್ನು ಅಲ್ಲಲ್ಲಿ ತೂತು ಮಾಡದಂತೆ ಮಾಲಿಬ್ಡಿನಂ ತಡೆಯುತ್ತದೆ. ನಿಕ್ಕಲ್ ಬೆರೆತಿರುವುದರಿಂದ ಈ ಉಕ್ಕು ಆಯಸ್ಕಾಂತಕ್ಕೆ ಅಂಟುವುದಿಲ್ಲ. ಇಂಗಾಲವನ್ನು ಮಾತ್ರ ನೂರಕ್ಕೆ 0.03 ಪಾಲು ಮೀರದಂತೆ ನೋಡಿಕೊಳ್ಳುತ್ತಾರೆ. ಹೆಚ್ಚಾದರೆ ಅದು ಕ್ರೋಮಿಯಂ ಅನ್ನು ತನ್ನತ್ತ ಸೆಳೆದುಕೊಂಡು ಪೊರೆಗೆ ಸಿಗದಂತೆ ಮಾಡುತ್ತದೆ. ಉಕ್ಕನ್ನು ಗಟ್ಟಿ ಮಾಡುವ ಇಂಗಾಲವೇ ಇಲ್ಲಿ ಬೇಡವಾದದ್ದು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ.

ತುಕ್ಕಿನ ಕಾಟ ತಪ್ಪಿದರೂ ಇನ್ನೊಂದು ತೊಡಕು ಉಳಿಯುತ್ತದೆ. ಬಾಗದೆ ನಿಲ್ಲುವ ಗುಣದಲ್ಲಿ ಈ ಉಕ್ಕು ಮೂಳೆಯ ಹತ್ತು ಪಟ್ಟು. ಮೂಳೆಯೋ ಜೀವಂತ ವಸ್ತು. ಭಾರ ಬಿದ್ದಲ್ಲಿ ಬೆಳೆಯುತ್ತದೆ, ಬೀಳದಲ್ಲಿ ಸವೆಯುತ್ತದೆ. ಪ್ಲೇಟೇ ಎಲ್ಲ ಭಾರವನ್ನೂ ಹೊತ್ತರೆ ಅದರಡಿಯ ಮೂಳೆ ಸೊರಗುತ್ತದೆ. ಟೈಟಾನಿಯಂಗೆ ಬೆಲೆ ಬಂದದ್ದು ಇದರಿಂದಲೂ ಹೌದು: ಅದು ಉಕ್ಕಿಗಿಂತ ಹಗುರ, ಬಿಗಿತವೂ ಉಕ್ಕಿನ ಅರ್ಧದಷ್ಟೇ. ಜರ್ಮನಿಯ ಕುಂಚರ್ 1939ರಲ್ಲಿ ಬೇರೆಯೇ ದಾರಿ ಹಿಡಿದರು. ತೊಡೆಮೂಳೆಯ ನಡುವಿನ ಟೊಳ್ಳಿನೊಳಗೇ ಉದ್ದನೆಯ ಲೋಹದ ಮೊಳೆ ಇಳಿಸಿದರು. ಮೂಳೆಯ ನಟ್ಟನಡುವೆ ಇರುವುದರಿಂದ ಅದು ಭಾರವನ್ನು ಮೂಳೆಯೊಡನೆ ಹಂಚಿಕೊಳ್ಳುತ್ತದೆ. ಮುರಿದ ಜಾಗದಲ್ಲಿ ಉಳಿಯುವ ತೀರ ಸಣ್ಣ ಅಲುಗಾಟ ಹೊಸ ಮೂಳೆ ಕಟ್ಟಲು ಕುಮ್ಮಕ್ಕು ಕೊಡುತ್ತದೆ. ನಾವಿಂದು 'ರಾಡ್' ಎನ್ನುವುದು ಅದರದೇ ಸಂತತಿ.

ಹಾಗಿದ್ದೂ ಕೆಲವೊಮ್ಮೆ ರಾಡೇ ಮುರಿಯುತ್ತದೆ, ಮನೆಯವರು ಕಳಪೆ ಮಾಲು ಎಂದು ನೊಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ. ದಿನಕ್ಕೆ ಐದು ಸಾವಿರ ಹೆಜ್ಜೆ ಎಂದರೆ ಒಂದೊಂದು ಕಾಲಿಗೆ ಎರಡೂವರೆ ಸಾವಿರ. ಆರು ತಿಂಗಳಿಗೆ ನಾಲ್ಕೂವರೆ ಲಕ್ಷ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ತುಂಡಾಗುವ ಹಾಗೆ ಲೋಹವೂ ದಣಿಯುತ್ತದೆ. ಅದು ದಣಿಯುವ ಮೊದಲು ಮೂಳೆ ಕೂಡಿಕೊಂಡು ಭಾರ ಹೊರಬೇಕು. ಬೀಡಿ, ಸಿಗರೇಟು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಮೂಳೆ ಕೂಡುವುದನ್ನು ತಡಮಾಡುತ್ತವೆ. ಹಾಗಾಗಿ ರಾಡ್ ಮುರಿದಾಗ ಮೊದಲು ಕೇಳಬೇಕಾದ್ದು, ಮೂಳೆ ಏಕೆ ಕೂಡಲಿಲ್ಲ ಎಂದು.

ಕೀಲಿನ ಗಾಯಗಳಿಗೆ ಕೆಲವೆಡೆ ಲೋಹವೂ ಬೇಡ. ಕಬಡ್ಡಿ ಅಂಗಳದಲ್ಲಿ ಮಂಡಿಯ ಅಸ್ಥಿರಜ್ಜು ಹರಿದರೆ, ಹೊಸದಾಗಿ ಕೂರಿಸಿದ ರಜ್ಜುವನ್ನು ಮೂಳೆಗೆ ಬಿಗಿಯಲು ಪಾಲಿಲ್ಯಾಕ್ಟಿಕ್ ಆಮ್ಲದ ಸ್ಕ್ರೂ ಬಳಸುವುದುಂಟು. ಅದು ನಿಧಾನವಾಗಿ ಕರಗಿ, ಕೊನೆಗೆ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ದೇಹದಿಂದ ಹೊರಹೋಗುತ್ತದೆ.

ಹಾಕಿದ್ದನ್ನು ತೆಗೆಸಬೇಕೇ? ದೊಡ್ಡವರಲ್ಲಿ ತೊಂದರೆ ಕೊಡದಿದ್ದರೆ ಸಾಮಾನ್ಯವಾಗಿ ಬಿಡುತ್ತಾರೆ. ಬೆಳೆಯುವ ಮಕ್ಕಳಲ್ಲಿ ಹಲವು ಬಾರಿ ತೆಗೆಯುತ್ತಾರೆ. ಟೈಟಾನಿಯಂಗೆ ಮೂಳೆ ಬಿಗಿಯಾಗಿ ಅಂಟಿಕೊಳ್ಳುವುದರಿಂದ ಅದನ್ನು ಬಿಡಿಸುವುದು ಕಷ್ಟ. ಸ್ಕ್ರೂಗಳ ತಲೆಯ ಆಕಾರವೂ ಒಂದೇ ಬಗೆಯದಲ್ಲ. ತಕ್ಕ ಸ್ಕ್ರೂಡ್ರೈವರ್ ಇಲ್ಲದೆ ವೈದ್ಯರು ಪೇಚಾಡಬೇಕಾಗುತ್ತದೆ. ಜತೆಗೆ ಇನ್ನೊಂದನ್ನು ಹಾಕಬೇಕಾಗಿ ಬಂದರೆ, ಮೊದಲಿದ್ದುದು ಉಕ್ಕೋ ಟೈಟಾನಿಯಮೋ ಎಂಬುದೂ ಅವರಿಗೆ ತಿಳಿಯಬೇಕು, ಏಕೆಂದರೆ ಎರಡು ಬೇರೆ ಲೋಹ ಒಂದಕ್ಕೊಂದು ತಾಗಿಕೊಂಡಿದ್ದರೆ ಸವೆತ ಹೆಚ್ಚಬಹುದು. ಆದ್ದರಿಂದ ಆಪರೇಷನ್ನಿನ ದಿನವೇ ಕೇಳಿ, ಒಳಗೆ ಹಾಕಿದ್ದರ ಕಂಪನಿ, ಲೋಹ, ಅಳತೆ ನಮೂದಾದ ಸ್ಟಿಕರಿನ ಒಂದು ಪ್ರತಿಯನ್ನು ಡಿಸ್ಚಾರ್ಜ್ ಚೀಟಿಗೆ ಅಂಟಿಸಿಕೊಂಡು ಬನ್ನಿ.