ವಿದ್ಯಾರ್ಥಿಯ ಮೊದಲ ದುಡಿಮೆ

ಕರಾವಳಿಯ ಬಡ ಬಾಲಕನಿಗೆ ಮೊದಲ ದುಡಿಮೆಯೆಂದರೆ ಒಂದು ಕಾಲದಲ್ಲಿ ಮುಂಬಯಿಯ ದಾರಿಯೆಂದೇ ಅರ್ಥವಾಗಿತ್ತು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಅನೇಕರು ಶಾಲೆಯನ್ನು ನಡುವೆಯೇ ತೊರೆದು ಅಲ್ಲಿನ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದರು. ಕಲಿಯುವ ಹಂಬಲವುಳ್ಳವರಿಗೆ ಆ ನಗರದ ಕನ್ನಡ ರಾತ್ರಿಶಾಲೆಗಳು ಆಸರೆಯಾದವು. ಅವರ ಛಲ ಸ್ತುತ್ಯವೇ ಸರಿ. ಆದರೆ ಶಾಲೆಯೋ ದುಡಿಮೆಯೋ ಎಂಬ ಆಯ್ಕೆ ಎಳೆಯ ವಯಸ್ಸಿನಲ್ಲಿ ಯಾರಿಗೂ ಒದಗಬಾರದು. ವಿದ್ಯೆಗೆ ಧಕ್ಕೆಯಾಗದಂತೆ ಶನಿವಾರದ ಮಧ್ಯಾಹ್ನ ಅಥವಾ ಭಾನುವಾರದ ಕೆಲವು ಗಂಟೆಗಳ ಕೆಲಸ ಊರಿನಲ್ಲಿಯೇ ದೊರೆತರೆ ಈ ಆಯ್ಕೆಯ ಕಾಠಿಣ್ಯ ಬಹುಮಟ್ಟಿಗೆ ತಗ್ಗುತ್ತದೆ.

ಮೊದಲಿಗೆ ಕಾನೂನನ್ನು ಅರಿಯಬೇಕು. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಿದ್ದುಪಡಿಯಾದ ಬಳಿಕ, 14 ವರ್ಷ ತುಂಬದ ಮಕ್ಕಳನ್ನು ಅನ್ಯರು ಕೆಲಸಕ್ಕೆ ಇರಿಸಿಕೊಳ್ಳುವಂತಿಲ್ಲ. ಶಾಲೆಯ ವೇಳೆಯ ನಂತರ ಅಥವಾ ರಜೆಯಲ್ಲಿ ಸ್ವಂತ ಕುಟುಂಬದ ಅಪಾಯಕರವಲ್ಲದ ಕಸುಬಿಗೆ ನೆರವಾಗಬಹುದು. 14ರಿಂದ 18ರ ನಡುವಿನವರು ಗಣಿ, ಸ್ಫೋಟಕ ಮುಂತಾದ ಅಪಾಯಕರ ಉದ್ಯೋಗಗಳನ್ನುಳಿದು ಬೇರೆ ಕೆಲಸ ಮಾಡಬಹುದು. ಆದರೆ ವಿರಾಮವೂ ಸೇರಿ ದಿನಕ್ಕೆ 6 ಗಂಟೆಯನ್ನು ಮೀರಬಾರದು; 3 ಗಂಟೆಯ ದುಡಿಮೆಯ ಬಳಿಕ ಒಂದು ಗಂಟೆಯ ವಿರಾಮವಿರಬೇಕು; ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸಿಕೊಳ್ಳಬಾರದು. ನಿಷೇಧವನ್ನು ಮೀರಿದ ಮಾಲೀಕನಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಸೆರೆವಾಸ, 20,000ದಿಂದ 50,000 ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು.

ಇನ್ನು ಕೆಲಸವೆಲ್ಲಿ? ಕುಂದಾಪುರದ ಪುಸ್ತಕ ಹಾಗೂ ಜವಳಿ ಅಂಗಡಿಗಳು, ವಾರಾಂತ್ಯಕ್ಕೆ ಯಾತ್ರಿಕರು ನೆರೆಯುವ ಕೊಲ್ಲೂರಿನ ಮಳಿಗೆಗಳು, ಬ್ರಹ್ಮಾವರದ ಕಡೆಯ ಸಸಿಗಳ ನರ್ಸರಿಗಳು, ಕೆಳ ತರಗತಿಯ ಮಕ್ಕಳಿಗೆ ಮನೆಪಾಠ: ಇವು ವಿಚಾರಿಸತಕ್ಕ ಎಡೆಗಳು. ದೋಣಿ, ಭಾರಿ ಯಂತ್ರ ಹಾಗೂ ಹೊರೆಯ ಕೆಲಸಗಳು ವಿದ್ಯಾರ್ಥಿಗೆ ತಕ್ಕುವಲ್ಲ. ಸ್ಕೂಟರಿನಲ್ಲಿ ಸಾಮಾನು ಮುಟ್ಟಿಸುವ ಕೆಲಸವೂ ಬೇಡ. ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಒಡೆಯನಿಗೆ 3 ವರ್ಷದವರೆಗಿನ ಸೆರೆವಾಸವನ್ನೂ 25,000 ರೂಪಾಯಿ ದಂಡವನ್ನೂ 2019ರ ತಿದ್ದುಪಡಿ ವಿಧಿಸಿದೆ.

ಕೆಲಸ ಕೇಳಲು ಹೋಗುವಾಗ ಗಿರಾಕಿಗಳ ಗದ್ದಲವಿಲ್ಲದ ಹೊತ್ತನ್ನು ಆರಿಸಿ, ತಂದೆ ಅಥವಾ ತಾಯಿಯೊಡನೆ ತೆರಳುವುದು ಲೇಸು. ತನ್ನ ವಯಸ್ಸು, ತರಗತಿ, ದುಡಿಯಬಲ್ಲ ದಿನ ಹಾಗೂ ವೇಳೆಯನ್ನು ಒಂದು ಕಾಗದದಲ್ಲಿ ಬರೆದುಕೊಡಬೇಕು. ಏನು ಕೆಲಸ, ಎಷ್ಟು ಹೊತ್ತು, ಎಷ್ಟು ಸಂಬಳ, ಯಾವ ದಿನ ಪಾವತಿ ಎಂಬುದನ್ನು ನಾಚಿಕೆಯಿಲ್ಲದೆ ಮೊದಲೇ ಕೇಳಬೇಕು. 18 ತುಂಬದವರು ಮಾಡಿಕೊಂಡ ಕರಾರಿಗೆ ಕಾನೂನಿನ ಬಲವಿಲ್ಲವಾದ್ದರಿಂದ ಈ ಮಾತುಗಳು ಪೋಷಕರ ಸಮ್ಮುಖದಲ್ಲಿ ಬರವಣಿಗೆಗೆ ಇಳಿಯಬೇಕು. ಕೆಲಸ ಕೊಡಿಸುವೆನೆಂದು ಠೇವಣಿ ಕೇಳುವವರಿಗೂ ಮೂಲ ಅಂಕಪಟ್ಟಿಯನ್ನು ಇರಿಸಿಕೊಳ್ಳುವವರಿಗೂ ದೂರದಿಂದಲೇ ಕೈಮುಗಿಯಬೇಕು. ಸಂಬಳ ಸೇರಲು ಬ್ಯಾಂಕಿನ ಖಾತೆಯಿರಲಿ. 10 ವರ್ಷ ತುಂಬಿದವರು ಬ್ಯಾಂಕು ಗೊತ್ತುಪಡಿಸಿದ ಮಿತಿಯೊಳಗೆ ಉಳಿತಾಯ ಖಾತೆಯನ್ನು ತಾವೇ ನಡೆಸಬಹುದು.

ಉಪಾಧ್ಯಾಯರು ಇಲ್ಲಿ ಕಾವಲುಗಾರರಾಗಬೇಕು. ಸೋಮವಾರದ ಮೊದಲ ಪಾಠದಲ್ಲಿ ಹುಡುಗ ತೂಕಡಿಸಿದರೆ, ಅಂಕಗಳು ಇಳಿದರೆ, ಬೈಯುವ ಮೊದಲು ಅವನ ಭಾನುವಾರ ಹೇಗೆ ಕಳೆಯಿತೆಂದು ಕೇಳಬೇಕು. ಹತ್ತನೆಯ ತರಗತಿಯ ಪರೀಕ್ಷೆ ಸಮೀಪಿಸಿದಾಗ ಕೆಲಸವನ್ನು ನಿಲ್ಲಿಸಲು ಮಾಲೀಕನೊಡನೆ ಮೊದಲೇ ಒಪ್ಪಂದವಿರಬೇಕು.

ಬಡ ವಿದ್ಯಾರ್ಥಿಗಳಿಗೆ ಶುಲ್ಕ, ಪುಸ್ತಕಗಳನ್ನಿತ್ತು ಪೋಷಿಸುತ್ತಿರುವ ದಾನಿಗಳ ಔದಾರ್ಯ ದೊಡ್ಡದು. ಅಂಗಡಿ, ಮುದ್ರಣಾಲಯ, ತೋಟಗಳ ಒಡೆಯರಾಗಿರುವ ಹಿರಿಯ ವಿದ್ಯಾರ್ಥಿಗಳು ಅದರೊಂದಿಗೆ ಇನ್ನೊಂದನ್ನೂ ನೀಡಬಲ್ಲರು: ವಾರಕ್ಕೆ ನಾಲ್ಕು ಗಂಟೆಯ ನ್ಯಾಯವಾದ ಕೆಲಸ, ಹೇಳಿದ ದಿನಕ್ಕೆ ಸಂಬಳ, ತಪ್ಪಿದಾಗ ತಿದ್ದುವ ತಾಳ್ಮೆ. ಪಡೆದ ಸಹಾಯಕ್ಕಾಗಿ ವಿದ್ಯಾರ್ಥಿ ಕೃತಜ್ಞನಾಗಿರುತ್ತಾನೆ. ದುಡಿದು ಗಳಿಸಿದ ಹಣದಿಂದ ತಂಗಿಗೊಂದು ನೋಟುಪುಸ್ತಕ ತಂದ ದಿನ ಅವನು ತಲೆಯೆತ್ತಿ ನಡೆಯುತ್ತಾನೆ. ಮರುದಿನ ಅದೇ ಹುಡುಗ ಶಾಲೆಯ ಬೆಂಚಿನಲ್ಲಿಯೂ ಇರುವಂತೆ ನೋಡಿಕೊಳ್ಳುವ ಹೊಣೆ ನಮ್ಮೆಲ್ಲರದು.