ಕೈ ಎತ್ತಿದರೆ ಬೆಳಗುವ ವಾಚು

ಫಿಟ್‌ನೆಸ್ ವಾಚ್ ಕಟ್ಟಿದ ಕೈ ಎತ್ತಿದ ಕೂಡಲೇ ಪರದೆ ತಾನಾಗಿ ಹೊತ್ತಿಕೊಳ್ಳುವುದು ಹೇಗೆ?

ವಾಚಿನೊಳಗೆ ಆಕ್ಸಿಲರೋಮೀಟರ್ ಎಂಬ ಪುಟಾಣಿ ಚಿಪ್ ಇದೆ. ಅದರಲ್ಲಿ ಸಿಲಿಕಾನಿನ ಸೂಕ್ಷ್ಮ ತುಣುಕೊಂದು ಸ್ಪ್ರಿಂಗಿನಂಥ ಎಳೆಗಳ ಮೇಲೆ ತೂಗಾಡುತ್ತಿರುತ್ತದೆ. ಕೈ ಇಳಿಬಿಟ್ಟಾಗ ಭೂಮಿಯ ಸೆಳೆತ ಅದನ್ನು ಒಂದು ದಿಕ್ಕಿಗೆ ಎಳೆದರೆ, ಕೈ ಎತ್ತಿ ಮಣಿಕಟ್ಟು ತಿರುಗಿಸಿದಾಗ ಇನ್ನೊಂದು ದಿಕ್ಕಿಗೆ. ಈ ಬದಲಾವಣೆ ಸಮಯ ನೋಡುವವರ ಕೈಚಲನೆಗೆ ಹೊಂದಿದರಷ್ಟೇ ಪರದೆ ಬೆಳಗುತ್ತದೆ. ಅಲ್ಲಿಯವರೆಗೆ ಮುಖ್ಯ ಪ್ರೊಸೆಸರ್‌ಗೆ ನಿದ್ದೆ. ಅಪಾರ್ಟ್‌ಮೆಂಟಿನ ವಾಚ್‌ಮನ್ ಗೇಟಿನಲ್ಲೇ ವಿಚಾರಿಸಿ, ಬೇಕಾದವರು ಬಂದಾಗ ಮಾತ್ರ ಮನೆಯವರನ್ನು ಎಬ್ಬಿಸುತ್ತಾನಲ್ಲ, ಹಾಗೆ. ಬ್ಯಾಟರಿ ಉಳಿಯುವುದೇ ಇದರಿಂದ. ಒಎಲ್‌ಇಡಿ ಪರದೆಯ ಹಿನ್ನೆಲೆ ಹೆಚ್ಚಾಗಿ ಕಪ್ಪಾಗಿರುವುದೂ ಇದೇ ಉಳಿತಾಯಕ್ಕೆ: ಅಲ್ಲಿ ಕಪ್ಪು ಎಂದರೆ ಆರಿದ ಬಿಂದು.

ಈ ಲೆಕ್ಕಾಚಾರ ಆಗಾಗ ಎಡವುತ್ತದೆ. ರಾತ್ರಿ ಮಗ್ಗುಲು ಬದಲಿಸಿದರೂ ಪರದೆ ಹೊತ್ತಿ ಕಣ್ಣು ಕುಕ್ಕಬಹುದು. ಮಲಗುವ ಮುನ್ನ ಸ್ಲೀಪ್ ಮೋಡ್ ಹಾಕಿಬಿಡಿ.